ಸೂತ್ರ ಕ್ಯಾಲಿಫೋರ್ನಿಯಾದ್ದು, ನೀರು ಅರಕೇರಾದ್ದು

ಮಣ್ಣಿಲ್ಲದೆ ಸೊಪ್ಪು ಬೆಳೆಯುವವರು ಇವತ್ತಿಗೂ ನಂಬಿಕೊಂಡಿರುವ ಲೆಕ್ಕ 1938ರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್‌ಲ್ಯಾಂಡ್ ಮತ್ತು ಆರ್ನನ್ ಬರೆದ ತೆಳ್ಳನೆಯ ಕೈಪಿಡಿ ಅದರ ಮೂಲ. ಅವರ ಹೆಸರಲ್ಲಿ ನಡೆಯುವ ದ್ರಾವಣದಲ್ಲಿ ಲೀಟರಿಗೆ ಸಾರಜನಕ 210 ಮಿಲಿಗ್ರಾಂ, ರಂಜಕ 31, ಪೊಟ್ಯಾಸಿಯಂ 235. ಸೊಪ್ಪಿಗೆ ಇದರ ಅರ್ಧವೇ ಸಾಕು. ಅಂಗಡಿಯ ಬಾಟಲಿಗಳೆಲ್ಲ ಹೆಚ್ಚುಕಮ್ಮಿ ಈ ಪಾಕದ ಮರಿಮಕ್ಕಳು. ಆದರೆ ಮಾರುವವರು ಕೈಪಿಡಿಯ ಅರ್ಧವನ್ನಷ್ಟೇ ಓದಿದಂತಿದೆ. ಎಲ್ಲ ಕಡೆಗೂ ಒಗ್ಗುವ ಒಂದೇ ದ್ರಾವಣ ಇಲ್ಲ, ಒಳ್ಳೆಯ ಮಣ್ಣನ್ನು ಮೀರಿಸುವ ಇಳುವರಿಯೂ ನೀರಿನಲ್ಲಿ ಬರುವುದಿಲ್ಲ ಎಂದು ಅವರಿಬ್ಬರೂ ಆಗಲೇ ಹೇಳಿದ್ದರು. ಕೈಪಿಡಿಯ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಈ ಮಾತೇ.

ರಾಯಚೂರು ಸೀಮೆಯ ಅರಕೇರಾದಂಥ ಊರಲ್ಲಿ ಸೂತ್ರ ಎಡವುವುದು ನೀರಿನ ಹತ್ತಿರ. ಕೃಷ್ಣೆ, ತುಂಗಭದ್ರೆಯರ ನಡುವೆ ಇದ್ದರೂ ಇಲ್ಲಿನ ಎಷ್ಟೋ ಬೋರುಗಳದು ಸವಳು ನೀರು. ಲೆಟ್ಯೂಸಿಗೆ ದ್ರಾವಣದ ಇಸಿ, ಅಂದರೆ ಕರಗಿದ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ, 1.6ರಷ್ಟಿರಲಿ ಎನ್ನುತ್ತಾರೆ. ಬೋರಿನ ನೀರೇ 1.1 ತೋರಿಸಿದರೆ? ಮೀಟರು 1.6 ಮುಟ್ಟುವಷ್ಟರಲ್ಲಿ ಗೊಬ್ಬರ ಸೇರಿದ್ದು 0.5ರಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್. ಮೀಟರು ಉಪ್ಪನ್ನು ಅಳೆಯುತ್ತದೆ, ಯಾವ ಉಪ್ಪು ಎಂದು ಕೇಳುವುದಿಲ್ಲ. ಅದು ಸಾಕೆನ್ನುತ್ತಿರುವಾಗಲೇ ಗಿಡ ಉಪವಾಸ ಇರುತ್ತದೆ.

ಬೈಕಾರ್ಬೊನೇಟಿನ ಕಾಟ ಇನ್ನೊಂದು ಬಗೆಯದು. 5.5ರಿಂದ 6.5ರೊಳಗೆ ಇರಬೇಕಾದ ಪಿಎಚ್ ಅನ್ನು ಅದು ಮೇಲೆತ್ತುತ್ತಲೇ ಇರುತ್ತದೆ. 7 ದಾಟಿದ ಮೇಲೆ ಇಡಿಟಿಎ ರೂಪದ ಕಬ್ಬಿಣ ಗಿಡಕ್ಕೆ ಸರಿಯಾಗಿ ದಕ್ಕದು. ಪಾಲಕಿನ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದನ್ನು ಕಂಡವರು ಗೊಬ್ಬರ ಕಡಿಮೆ ಬಿತ್ತೆಂದು ಇನ್ನೊಂದು ಮುಚ್ಚಳ ಸುರಿಯುತ್ತಾರೆ. ಬೇಕಿದ್ದದ್ದು ಪಿಎಚ್ ಇಳಿಸುವ ಆಮ್ಲ, ಪಿಎಚ್ ತುಸು ಏರಿದರೂ ದಕ್ಕುವ ಡಿಟಿಪಿಎ ರೂಪದ ಕಬ್ಬಿಣ. ಅವಸರದಲ್ಲಿ ‘ಎ’, ‘ಬಿ’ ಬಾಟಲಿಗಳೆರಡನ್ನೂ ನೀರು ಬೆರೆಸದೆ ಒಂದೇ ಬಕೆಟ್ಟಿಗೆ ಸುರಿದರಂತೂ ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂರುತ್ತದೆ. ಒಂದು ಬಾಟಲಿಯ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟು, ಫಾಸ್ಫೇಟುಗಳ ಜೊತೆ ಗಟ್ಟಿಯಾದದ್ದು ಅದು. ಕೊಟ್ಟ ದುಡ್ಡು ಬಕೆಟ್ಟಿನ ತಳದಲ್ಲಿ.

ಬ್ಯಾಸಗಿಯ ಮಾತು ಬೇರೆ. 20 ಡಿಗ್ರಿಯ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ನಿಂತರೆ, 35 ಡಿಗ್ರಿಯಲ್ಲಿ ಸುಮಾರು 7. ಬಿಸಿಲಿಗೆ ಕಾದ ಪೈಪಿನೊಳಗೆ ಬೇರು ಕಂದಾಗಿ ಕೊಳೆಯತೊಡಗಿದ ಮೇಲೆ ಯಾವ ಪಾಕ ಹಾಕಿದರೂ ಅಷ್ಟೇ.

ಗುಣದ ವಿಚಾರದಲ್ಲಿ ನನ್ನ ತಕರಾರು ನೈಟ್ರೇಟಿನದು. ದ್ರಾವಣದಲ್ಲಿ ನೈಟ್ರೇಟ್ ಹೆಚ್ಚಿಟ್ಟು, ನೆರಳು ಬಲೆಯಡಿ ಬೆಳಕು ಕಡಿಮೆ ಮಾಡಿದರೆ ಎಲೆ ದೊಡ್ಡದಾಗಿ ಕಡುಹಸಿರಾಗುತ್ತದೆ, ನೈಟ್ರೇಟ್ ಮಾತ್ರ ಬಳಕೆಯಾಗದೆ ಎಲೆಯಲ್ಲೇ ಉಳಿಯುತ್ತದೆ. ಹಸಿ ಪಾಲಕಿಗೆ ಐರೋಪ್ಯ ಒಕ್ಕೂಟ ಕಿಲೋಗೆ 3500 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಕೊಯ್ಲಿಗೆ ಕೆಲವು ದಿನ ಮುಂಚೆ ದ್ರಾವಣ ತೆಗೆದು ಬರೀ ನೀರು ಕೊಟ್ಟರೆ ಎಲೆಯ ನೈಟ್ರೇಟ್ ಇಳಿಯುತ್ತದೆ. ತೂಕವೂ ತುಸು ಇಳಿಯುತ್ತದೆ. ತೂಕಕ್ಕೆ ಮಾರುವವರು ಇದನ್ನು ಮಾಡಲೊಲ್ಲರು. ಜೋಳದ ರೊಟ್ಟಿ ಜೊತೆ ಪುಂಡಿಪಲ್ಯ, ಹಕ್ಕರಕಿ ತಿಂದು ಬೆಳೆದ ನಾಲಿಗೆಗೆ ದ್ರಾವಣದಲ್ಲಿ ಬೆಳೆದ ಈ ನೀರು ತುಂಬಿದ ಎಲೆ ಸಪ್ಪೆಯೇ.

ಹಾಗಂತ ಮಣ್ಣಿಲ್ಲದ ಬೇಸಾಯ ಬೇಡವೇ ಬೇಡ ಎನ್ನಲಾರೆ. ಸವಳು ಹಿಡಿದ ಹೊಲ ಇದ್ದವರಿಗೆ, ಮಾಳಿಗೆ ಮಾತ್ರ ಇದ್ದವರಿಗೆ ಚಳಿಗಾಲದಲ್ಲಿ ಪಾಲಕ್, ಮೆಂತ್ಯೆ ಚೆನ್ನಾಗಿಯೇ ಬರುತ್ತವೆ. ದ್ರಾವಣ ಕೊಳ್ಳುವ ಮುಂಚೆ ನೀರು ಪರೀಕ್ಷೆ ಮಾಡಿಸಿ, ಮಳೆನೀರು ಹಿಡಿದಿಡಿ. 100 ಚದರ ಮೀಟರ್ ಮಾಳಿಗೆ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್ ನೀರು. ಅದರಲ್ಲಿ ಸವಳಿಲ್ಲ.