ಪರೀಕ್ಷಾ ಮಂಡಳಿಗಳ ಇಂಗ್ಲಿಷು: ಒಂದು ವಿಮರ್ಶೆ

ಉಲ್ಹಾಸನಗರದಿಂದ ಠಾಣೆಯವರೆಗೆ ಹಬ್ಬಿರುವ ಉಪನಗರಗಳ ಕನ್ನಡಿಗರಲ್ಲಿ ಮಕ್ಕಳ ಪ್ರೌಢಶಿಕ್ಷಣದ ಮಾತೆತ್ತಿದೊಡನೆ, ಶಾಲೆಗಿಂತ ಮೊದಲು ಪರೀಕ್ಷಾ ಮಂಡಳಿಯ ಪ್ರಶ್ನೆ ಏಳುತ್ತದೆ. ರಾಜ್ಯ ಮಂಡಳಿಯ ಎಸ್.ಎಸ್.ಸಿ., ಕೇಂದ್ರೀಯ ಮಂಡಳಿಯ ಸಿ.ಬಿ.ಎಸ್.ಇ., ಐ.ಸಿ.ಎಸ್.ಇ., ಕೇಂಬ್ರಿಜ್ಜಿನ ಐ.ಜಿ.ಸಿ.ಎಸ್.ಇ. ಎಂಬ ನಾಲ್ಕನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಶುಲ್ಕವೇರಿದಂತೆ ಇಂಗ್ಲಿಷಿನ ಮಟ್ಟವೂ ಏರುವುದೆಂದು ನಂಬುವುದು ವಾಡಿಕೆಯಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪಠ್ಯಕ್ರಮಗಳನ್ನೇ ಮುಂದಿಟ್ಟುಕೊಂಡು ಪರಿಶೀಲಿಸುವುದು ಯುಕ್ತ.

ಪ್ರತಿಯೊಂದು ಮಂಡಳಿಯ ಇಂಗ್ಲಿಷಿನ ಮೇಲೂ ಅದರ ಹುಟ್ಟಿನ ಮುದ್ರೆಯಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯವು ಶಾಲಾಪರೀಕ್ಷೆಗಳಿಗಾಗಿ ತನ್ನ ಸಂಸ್ಥೆಯನ್ನು 1858ರಲ್ಲಿ ಸ್ಥಾಪಿಸಿತು, ಅದರ ಐ.ಜಿ.ಸಿ.ಎಸ್.ಇ. 1988ರಿಂದ ನಡೆದುಬಂದಿದೆ. ಅದೇ ಕೇಂಬ್ರಿಜ್ಜಿನ ಹಳೆಯ ಪರೀಕ್ಷೆಗೆ ಭಾರತೀಯವಾದ ಬದಲಿಯನ್ನು ಕಲ್ಪಿಸಲು 1958ರಲ್ಲಿ ಹುಟ್ಟಿದ ಪರಿಷತ್ತು ಐ.ಸಿ.ಎಸ್.ಇ.ಯನ್ನು ನಡೆಸುತ್ತದೆ. ಆದಕಾರಣ ಅಲ್ಲಿ ಇಂಗ್ಲಿಷು ಕಡ್ಡಾಯ ವಿಷಯ, ಅದೇ ಬೋಧನ ಮಾಧ್ಯಮ. ಕೇಂದ್ರೀಯ ಮಂಡಳಿಯ ಮೂಲ 1929ರ ರಜಪೂತಾನಾ ಮಂಡಳಿಯಲ್ಲಿದೆ. 1962ರ ಪುನಾರಚನೆಯ ತರುವಾಯ, ಊರಿಂದೂರಿಗೆ ವರ್ಗವಾಗುವ ಕೇಂದ್ರ ನೌಕರರ ಮಕ್ಕಳಿಗೆ ಏಕರೂಪದ ಶಿಕ್ಷಣವೊದಗಿಸುವುದು ಅದರ ಮುಖ್ಯ ಧ್ಯೇಯವಾಯಿತು. ಮಹಾರಾಷ್ಟ್ರದ ರಾಜ್ಯ ಮಂಡಳಿ 1965ರ ಕಾಯಿದೆಯಂತೆ 1966ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದಿತು. ಮರುವರ್ಷ ‘ಬಾಲಭಾರತಿ’ ಎಂದು ಹೆಸರಾದ ಪಠ್ಯಪುಸ್ತಕ ಸಂಸ್ಥೆ ಸ್ಥಾಪಿತವಾಯಿತು. ಅದು ಪ್ರಕಟಿಸುವ ಪಠ್ಯಗಳ ಭಾಷೆಗಳಲ್ಲಿ ಕನ್ನಡವೂ ಉಂಟು, ಸಿಂಧಿಯೂ ಉಂಟು. 1947ರ ತರುವಾಯ ಸಿಂಧಿ ನಿರಾಶ್ರಿತರು ಕಟ್ಟಿಕೊಂಡ ಉಲ್ಹಾಸನಗರದಲ್ಲಿ ಈ ಸಂಗತಿಯ ಬೆಲೆಯನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ಇನ್ನು ಪಠ್ಯಗಳ ಸ್ವರೂಪ. ರಾಜ್ಯ ಮಂಡಳಿಯಲ್ಲಿ ಇಂಗ್ಲಿಷು ಒಂದಲ್ಲ, ಎರಡು. ಇಂಗ್ಲಿಷ್ ಮಾಧ್ಯಮದವರಿಗೆ ಪ್ರಥಮ ಭಾಷೆಯಾಗಿ ‘ಇಂಗ್ಲಿಷ್ ಕುಮಾರಭಾರತಿ’. ಕನ್ನಡ, ಮರಾಠಿ ಮೊದಲಾದ ಮಾಧ್ಯಮದವರಿಗೆ ತೃತೀಯ ಭಾಷೆಯಾಗಿ ‘ಮೈ ಇಂಗ್ಲಿಷ್ ಕೋರ್ಸ್‌ಬುಕ್’. ಕೇಂದ್ರೀಯ ಮಂಡಳಿಯ ಹತ್ತನೆಯ ತರಗತಿಗೆ ‘ಫಸ್ಟ್ ಫ್ಲೈಟ್’ ಮತ್ತು ‘ಫುಟ್‌ಪ್ರಿಂಟ್ಸ್ ವಿದೌಟ್ ಫೀಟ್’ ಎಂಬ ಎರಡು ಸಂಕಲನಗಳಿವೆ. ಅಲ್ಲಿ ಭಾಷೆ ಸಾಹಿತ್ಯಗಳೆರಡೂ ಒಂದೇ ಪತ್ರಿಕೆಯಲ್ಲಿ ಅಡಕವಾಗಿವೆ. ಐ.ಸಿ.ಎಸ್.ಇ.ಯಲ್ಲಿ ಭಾಷೆಗೊಂದು ಪತ್ರಿಕೆ, ಸಾಹಿತ್ಯಕ್ಕೊಂದು ಪತ್ರಿಕೆ. ಷೇಕ್ಸ್‌ಪಿಯರನ ಒಂದು ನಾಟಕವನ್ನು ವಿದ್ಯಾರ್ಥಿ ಅಂಕ ಅಂಕವಾಗಿ ಓದಬೇಕಾಗುತ್ತದೆ. ಕೇಂಬ್ರಿಜ್ಜಿನ ಭಾಷಾಪತ್ರಿಕೆಗಳಲ್ಲಿ ನಿಗದಿತ ಗದ್ಯಪದ್ಯಗಳಿಲ್ಲ. ಮೊದಲು ಕಾಣದ ಬರಹವನ್ನು ಅರಿತು ಬರೆಯುವ ಶಕ್ತಿಯನ್ನು ಅದು ಒರೆಗೆ ಹಚ್ಚುತ್ತದೆ. ಸಾಹಿತ್ಯವೇ ಒಂದು ಪ್ರತ್ಯೇಕ ವಿಷಯ. ಅದಕ್ಕಿಂತ ಗಮನಾರ್ಹವಾದುದು, ‘ಪ್ರಥಮ ಭಾಷೆಯಾಗಿ ಇಂಗ್ಲಿಷು’, ‘ದ್ವಿತೀಯ ಭಾಷೆಯಾಗಿ ಇಂಗ್ಲಿಷು’ ಎಂದು ಅದು ಎರಡು ಬೇರೆ ಪರೀಕ್ಷೆಗಳನ್ನು ಹೆಸರಿಟ್ಟೇ ನಡೆಸುವುದು.

ಸಮಸ್ಯೆಯ ತಿರುಳು ಈ ‘ಪ್ರಥಮ’ ಎಂಬ ಪದದಲ್ಲಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಉಲ್ಹಾಸನಗರದ ಪೇಟೆಯಲ್ಲಿ ಸಿಂಧಿ ಕೇಳಿ ಬೆಳೆಯುವ ಬಾಲಕನಿಗೆ ಶಾಲೆಯ ದಾಖಲೆಯಲ್ಲಿ ಇಂಗ್ಲಿಷು ಪ್ರಥಮ ಭಾಷೆ! ಭಾಷೆಯ ಸಹಜಜ್ಞಾನವನ್ನು ಮಗು ಮನೆಯಿಂದಲೇ ತಂದಿದೆಯೆಂಬ ಗೃಹೀತದ ಮೇಲೆ ಪ್ರಥಮ ಭಾಷೆಯ ಪಠ್ಯ ನಿಂತಿರುತ್ತದೆ. ಆ ಜ್ಞಾನ ಇಲ್ಲದೆಡೆ ಬರಿದಾದ ಸ್ಥಳವನ್ನು ತುಂಬುವುದು ಗೈಡು, ಇಲ್ಲವೆ ಟ್ಯೂಷನ್ನು. ಉತ್ತರಗಳು ಬಾಯಿಗೆ ಬರುತ್ತವೆ, ಭಾಷೆ ಬರುವುದಿಲ್ಲ. ಕೇಂಬ್ರಿಜ್ಜಿನ ದ್ವಿತೀಯ ಭಾಷೆಯ ಪತ್ರಿಕೆಯೂ ರಾಜ್ಯ ಮಂಡಳಿಯ ತೃತೀಯ ಭಾಷೆಯ ಪುಸ್ತಕವೂ, ಶುಲ್ಕದಲ್ಲಿ ಅಜಗಜಾಂತರವಿದ್ದರೂ, ಮಗುವಿನ ನಿಜಸ್ಥಿತಿಯನ್ನು ಒಪ್ಪಿಕೊಳ್ಳುವುದರಲ್ಲಿ ಒಂದೇ ಪಂಕ್ತಿಗೆ ಸೇರತಕ್ಕವು.

ಇಲ್ಲಿ ವಿ. ಕೃ. ಗೋಕಾಕರನ್ನು ನೆನೆಯುವುದು ಉಚಿತ. ಆಕ್ಸ್‌ಫರ್ಡಿನಲ್ಲಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ಅವರೇ, 1981ರಲ್ಲಿ ಸಲ್ಲಿಸಿದ ವರದಿಯಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕೆಂದು ಶಿಫಾರಸು ಮಾಡಿದರು. ಇಂಗ್ಲಿಷಿನ ಬೆಲೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಕರ್ನಾಟಕದ ಆ ವಾದ ಮಹಾರಾಷ್ಟ್ರದಲ್ಲಿ ಯಥಾವತ್ತಾಗಿ ಅನ್ವಯಿಸದು. ಇಲ್ಲಿ 2020ರ ಕಾಯಿದೆ ಎಲ್ಲ ಮಂಡಳಿಗಳ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯಗೊಳಿಸಿದೆ, ಅದು ನ್ಯಾಯವೂ ಹೌದು. ಆದರೆ ಇಂಗ್ಲಿಷು, ಮರಾಠಿ, ಹಿಂದಿ ಎಂದು ಮೂರು ಸ್ಥಾನಗಳು ತುಂಬಿದ ಮೇಲೆ ಕನ್ನಡಕ್ಕೆ ಉಳಿಯುವುದೇನು? ಕೇಂದ್ರೀಯ ಮಂಡಳಿ, ಐ.ಸಿ.ಎಸ್.ಇ. ಎರಡರ ಭಾಷಾಪಟ್ಟಿಗಳಲ್ಲಿಯೂ ಕನ್ನಡವಿದೆ ನಿಜ. ಶಾಲೆಯಲ್ಲಿ ಕನ್ನಡದ ಅಧ್ಯಾಪಕರಿಲ್ಲದಿದ್ದರೆ ಆ ಪಟ್ಟಿ ಹಣವಿಲ್ಲದ ಖಾತೆಯ ಚೆಕ್ಕಿನಂತೆ.

ಅಂಕಗಳ ಆಧಾರದ ಮೇಲೆ ಮಂಡಳಿಗಳನ್ನು ತೂಗುವವರೂ ಇದ್ದಾರೆ. ಅವರು ಎಸ್.ಎಸ್.ಸಿ.ಯ ಮೂರು ವರ್ಷಗಳ ಫಲಿತಾಂಶವನ್ನು ನೋಡಬೇಕು. 2018ರಲ್ಲಿ ಶೇಕಡಾ 89.41ರಷ್ಟಿದ್ದ ಉತ್ತೀರ್ಣರ ಪ್ರಮಾಣ, ಹೊಸ ಪಠ್ಯ ಬಂದು ಭಾಷೆಗಳ ಆಂತರಿಕ ಅಂಕಗಳು ತೆಗೆದುಹಾಕಲ್ಪಟ್ಟ 2019ರಲ್ಲಿ 77.10ಕ್ಕೆ ಇಳಿಯಿತು, ಆ ಅಂಕಗಳು ಮರಳಿ ಬಂದ 2020ರಲ್ಲಿ 95.30ಕ್ಕೆ ಏರಿತು. ಮಕ್ಕಳ ಭಾಷಾಶಕ್ತಿ ಒಂದೇ ವರ್ಷದಲ್ಲಿ ಕುಸಿದು ಮರುವರ್ಷವೇ ಚಿಗುರುವ ವಸ್ತುವಲ್ಲ. ಬದಲಾದುದು ಅಳತೆಗೋಲು. ಒಂದೇ ಮಂಡಳಿಯ ಅಂಕಗಳು ಹೀಗೆ ಓಲಾಡುವಾಗ, ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಹೋಲಿಸಿ ಇಂಗ್ಲಿಷಿನ ಮಟ್ಟವನ್ನು ನಿರ್ಣಯಿಸುವುದು ನಿರರ್ಥಕ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆ ಇದಕ್ಕೆ ಪೂರಕವಾದ ಪಾಠವನ್ನು ಹೇಳುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡದಲ್ಲಿ ಗಣಿತ ಚರಿತ್ರೆಗಳನ್ನು ಓದಿ, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿತ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಕಚೇರಿ ಬ್ಯಾಂಕುಗಳಲ್ಲಿ ಆ ಭಾಷೆಯಲ್ಲಿಯೇ ವ್ಯವಹರಿಸಿದರು. ಅವರ ಮಾತಿನಲ್ಲಿ ತಡವರಿಕೆಯಿದ್ದಿತು, ಓದಿನ ಹರವು ಕಿರಿದಾಗಿದ್ದಿತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರ ವಾಕ್ಯದ ಹಿಂದೆ ತಿಳಿದು ಬರೆಯುವ ಒಂದು ಮನಸ್ಸಿದ್ದಿತು. ಆ ಮನಸ್ಸು ರೂಪುಗೊಂಡದ್ದು ಕನ್ನಡದಲ್ಲಿ.

ಹೀಗಿರುವಲ್ಲಿ ನಿರ್ಣಯವೇನು? ವರ್ಗಾವಣೆಯ ಉದ್ಯೋಗದವರಿಗೆ ಕೇಂದ್ರೀಯ ಮಂಡಳಿ ಅನುಕೂಲ. ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಓದುವ ರೂಢಿಯಿದ್ದರೆ ಐ.ಸಿ.ಎಸ್.ಇ.ಯ ಸಾಹಿತ್ಯಪಾಠ ಫಲಪ್ರದ. ಇಲ್ಲವಾದರೆ ಷೇಕ್ಸ್‌ಪಿಯರನೂ ಗೈಡಿನ ಪಾಲಾಗುತ್ತಾನೆ. ವಿದೇಶದ ಓದು ನಿಶ್ಚಿತವಾದವರು ಕೇಂಬ್ರಿಜ್ಜನ್ನು ಆರಿಸಲಿ. ಪ್ರತಿಷ್ಠೆಗಾಗಿ ಪ್ರಥಮ ಭಾಷೆಯ ಪತ್ರಿಕೆಗೆ ಕೈಚಾಚದಿರಲಿ. ಇಲ್ಲಿಯೇ ನೆಲೆನಿಂತ ಸಾಮಾನ್ಯ ಸಂಸಾರಕ್ಕೆ ರಾಜ್ಯ ಮಂಡಳಿ ಯಾವ ವಿಧದಲ್ಲಿಯೂ ಕೀಳಲ್ಲ; ಕನ್ನಡ ಮಾಧ್ಯಮದ ಶಾಲೆ ಹತ್ತಿರವಿದ್ದಲ್ಲಿ ಅದು ಶ್ರೇಯಸ್ಕರವೂ ಹೌದು. ಯಾವ ಮಂಡಳಿಯಾದರೂ ಪ್ರವೇಶಕ್ಕೆ ಮುನ್ನ ಎಂಟನೆಯ ತರಗತಿಯ ಒಂದು ಪ್ರಬಂಧದ ಪುಸ್ತಕವನ್ನು ತೆರೆದು ನೋಡುವುದು ಲೇಸು: ವಾಕ್ಯಗಳು ಮಗುವಿನ ಸ್ವಂತದ್ದೇ, ಅಧ್ಯಾಪಕರು ಅವನ್ನು ತಿದ್ದಿದ್ದಾರೆಯೇ? ಫಲಕದ ಮೇಲಿನ ಅಕ್ಷರಗಳಿಗಿಂತ ಆ ಕೆಂಪು ಶಾಯಿ ಹೆಚ್ಚು ನಂಬತಕ್ಕದ್ದು. ಬಾಲಭಾರತಿಯ ಕನ್ನಡ ಪಠ್ಯಗಳನ್ನೇ ಹಿಡಿದು, ಎಲ್ಲ ಮಂಡಳಿಗಳ ಕನ್ನಡಿಗ ಮಕ್ಕಳಿಗೂ ಭಾನುವಾರದ ತರಗತಿಗಳನ್ನು ನಡೆಸುವುದು ಈ ಉಪನಗರಗಳ ಕನ್ನಡ ಸಂಘಗಳಿಗೆ ಸಾಧ್ಯವಾದ ಕಾರ್ಯ. ಇಂಗ್ಲಿಷಿನ ಪರೀಕ್ಷೆಯನ್ನು ನಡೆಸಲು ನಾಲ್ಕು ಮಂಡಳಿಗಳಿವೆ. ಕನ್ನಡದ ಹೊಣೆಯನ್ನು ಹೊರಲು ಮನೆ ಮತ್ತು ಸಂಘಗಳಲ್ಲದೆ ಇಲ್ಲಿ ಬೇರೆ ಯಾರೂ ಇಲ್ಲ.