ಏಳು ಜೋಡಿ ಕಾಲುಗಳ ಆಟ: ಮಹಿಳಾ ಕಬಡ್ಡಿ ನೋಡುವವರಿಗೆ

ಮುಖ್ಯ ಅತಿಥಿಗಳಿಗೆ ಹಾಕಿದ ಕುರ್ಚಿಯಲ್ಲಿ ಕೂತು ಕಬಡ್ಡಿ ನೋಡಬೇಡಿ. ಆ ಕುರ್ಚಿಗಳನ್ನು ಅಂಕಣದ ಉದ್ದ ಬದಿಯಲ್ಲಿ, ಮಧ್ಯಗೆರೆಗೆ ನೇರವಾಗಿ ಸಾಲು ಹಾಕಿರುತ್ತಾರೆ. ಅಲ್ಲಿ ಕೂತರೆ ಕಣ್ಣು ರೈಡರ್‌ನ ಬೆನ್ನು ಹತ್ತಿಯೇ ಓಡುತ್ತದೆ. ಜಾಗ ಸಿಕ್ಕರೆ ಹಿಂದಿನ ಗೆರೆಯ ಆಚೆ, ಒಂದು ಮೂಲೆಗೆ ಸ್ವಲ್ಪ ಓರೆಯಾಗಿ ನಿಂತುಕೊಳ್ಳಿ. ಹಿಡಿಯಲು ಕಾದಿರುವ ಏಳು ಮಂದಿಯ ಹಿಮ್ಮಡಿ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಆಟ ಇರುವುದು ಅಲ್ಲಿ.

ಗುರುವಾಯನಕೆರೆಯವರಿಗೆ ಕಬಡ್ಡಿ ಹುಡುಕಿಕೊಂಡು ದೂರ ಹೋಗುವ ಕೆಲಸವಿಲ್ಲ. ಮಳೆ ನಿಂತು ಗದ್ದೆ ಒಣಗಿದ ಮೇಲೆ ಬೆಳ್ತಂಗಡಿ, ಉಜಿರೆ, ವೇಣೂರು, ಮೂಡುಬಿದಿರೆ ಕಡೆ ಹೊನಲು ಬೆಳಕಿನ ಪಂದ್ಯಾಟಗಳ ಫ್ಲೆಕ್ಸ್ ಏಳುತ್ತವೆ. ಗಂಡಸರ ಫೈನಲ್ ಮುಗಿಯುವಾಗ ಕೋಳಿ ಕೂಗುವ ಹೊತ್ತು. ಮಹಿಳಾ ವಿಭಾಗ ಇದ್ದರೆ ಸಾಮಾನ್ಯವಾಗಿ ಸಂಜೆಗೇ, ಸಭಾ ಕಾರ್ಯಕ್ರಮದ ಹಿಂದೆಯೋ ಮುಂದೆಯೋ ಮುಗಿಸಿಬಿಡುತ್ತಾರೆ. ಊಟ ಮಾಡಿ ನಿಧಾನಕ್ಕೆ ಹೋದರೆ ಸಿಗುವುದಿಲ್ಲ. ಹೆಚ್ಚು ತಾಳ್ಮೆಯ ಆಟ ನೋಡಬೇಕೆಂದಿದ್ದರೆ ಹಗಲು ನಡೆಯುವ ಮಂಗಳೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾಟಕ್ಕೆ ಹೋಗಿ. ಅಲ್ಲಿ ಸೌಂಡ್ ಬಾಕ್ಸ್ ಕಡಿಮೆ, ಪ್ರೇಕ್ಷಕರು ಇನ್ನೂ ಕಡಿಮೆ, ಆಟ ಮಾತ್ರ ಪೂರ್ತಿ ಸಿಗುತ್ತದೆ.

ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ಬಂದವರು ಮೊದಲು ಅಳತೆಯನ್ನು ತಲೆಯಿಂದ ತೆಗೆದಿಡಬೇಕು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12 ಮತ್ತು 8. ಆ ಎಂಟರಲ್ಲೂ ಎರಡು ಬದಿಗೆ ಒಂದೊಂದು ಮೀಟರ್ ಲಾಬಿ. ಯಾರಾದರೂ ಮುಟ್ಟುವ ತನಕ ಅಲ್ಲಿ ಕಾಲಿಡುವಂತಿಲ್ಲ. ಅಂದರೆ ರೈಡರ್‌ಗೆ ಸಿಗುವುದು ಆರು ಮೀಟರ್ ಅಗಲ, ಆರು ಮೀಟರ್ ಆಳ, ಅದರೊಳಗೆ ಏಳು ಮಂದಿ. ಎದುರಾಳಿಗಳ ತಲೆಯ ಮೇಲಿಂದ ಹಾರಿ ಬರುವ ದೃಶ್ಯ ಇಲ್ಲಿ ಅಪರೂಪ, ಅದಕ್ಕೆ ಬೇಕಾದ ಓಟದ ಜಾಗವೇ ಇಲ್ಲ. ‘ಹೆಂಗಸರ ಕಬಡ್ಡಿಯಲ್ಲಿ ಪವರ್ ಇಲ್ಲ’ ಎಂದು ಪಕ್ಕದವರು ಹೇಳಿದರೆ ವಾದಕ್ಕಿಳಿಯಬೇಡಿ. ಅವರು ನೋಡುತ್ತಿರುವುದು ಬೇರೆ ಅಳತೆಯ ಆಟವನ್ನು. ಇಕ್ಕಟ್ಟಾದ ಜಾಗದಲ್ಲಿ ಪಾದ ಎಲ್ಲಿದೆ, ಭಾರ ಯಾವ ಕಾಲಿನ ಮೇಲಿದೆ ಎನ್ನುವುದೇ ಇಲ್ಲಿ ಎಲ್ಲ. ಬೋನಸ್ ಅಂಕವನ್ನೇ ನೋಡಿ. ಒಂದು ಪಾದ ಬೋನಸ್ ಗೆರೆಯ ಆಚೆ ಊರಿದ ಕ್ಷಣ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಆ ಒಂಟಿಗಾಲಿನ ಕ್ಷಣಕ್ಕಾಗಿಯೇ ಮೂಲೆಯವಳು ಹೊಂಚು ಹಾಕಿರುತ್ತಾಳೆ.

ಏಳು ಮಂದಿಯ ಸಾಲನ್ನು ಈಗ ನೋಡಿ. ಎರಡು ತುದಿಗೆ ಕಾರ್ನರ್‌ಗಳು, ಅವರ ಪಕ್ಕದಲ್ಲಿ ಇನ್‌ಗಳು, ಒಳಗಡೆ ಕವರ್‌ಗಳು, ನಡುವೆ ಸೆಂಟರ್. ಪಾದ ಹಿಡಿಯುವ ಕಾರ್ನರ್‌ಗೆ ಚಪ್ಪಾಳೆ ಬೀಳುತ್ತದೆ. ನನ್ನ ಕಣ್ಣು ಹೋಗುವುದು ಕವರ್ ಕಡೆಗೆ. ಫುಟ್‌ಬಾಲ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಆ ಗೋಲಿಗೆ ದಾರಿ ಮಾಡಿದ ಮಿಡ್‌ಫೀಲ್ಡರ್ ಹೆಸರು ಕೊನೆಯ ಸಾಲಿನಲ್ಲೋ ಎಲ್ಲೋ. ಕವರ್ ಆಡುವವಳದ್ದೂ ಅದೇ ಕಥೆ. ರೈಡರ್ ಎಡಕ್ಕೆ ಸರಿದಾಗ ಬಲ ಕವರ್ ಏನು ಮಾಡುತ್ತಾಳೆ ನೋಡಿ. ಒಳ್ಳೆಯವಳು ಮುಂದೆ ಹಾರುವುದಿಲ್ಲ. ಅರ್ಧ ಹೆಜ್ಜೆ ಒಳಗೆ ಬಂದು ರೈಡರ್ ಹಿಂತಿರುಗುವ ದಾರಿಯನ್ನು ಕಿರಿದು ಮಾಡಿ ನಿಲ್ಲುತ್ತಾಳೆ. ಕಾರ್ನರ್ ಪಾದಕ್ಕೆ ಕೈ ಹಾಕಿದಳೋ, ಕವರ್ ಸೊಂಟಕ್ಕೆ ಬಂದು ಬೀಳುತ್ತಾಳೆ. ಈ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟು ತಡವಾದರೂ ರೈಡರ್ ಇಬ್ಬರನ್ನೂ ಎಳೆದುಕೊಂಡೇ ಮಧ್ಯಗೆರೆ ಮುಟ್ಟುತ್ತಾಳೆ, ಎರಡು ಅಂಕ ಹೋಗುತ್ತದೆ. ಬೈಗುಳ ಮಾತ್ರ ಕಾರ್ನರ್‌ಗೆ!

ಸ್ಕೋರ್ ಬೋರ್ಡ್ ಅರ್ಧ ಸತ್ಯ ಹೇಳುತ್ತದೆ. ಅಂಕಣದಲ್ಲಿ ಉಳಿದ ತಲೆಗಳನ್ನು ಎಣಿಸುತ್ತಿರಿ. ಆರೋ ಏಳೋ ಮಂದಿ ಇದ್ದರೆ ಬೋನಸ್ ಇದೆ, ಐದಕ್ಕೆ ಇಳಿದರೆ ಇಲ್ಲ. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಒಂದು ಅಂಕ ಹೆಚ್ಚಿಗೆ, ಅದೇ ಸೂಪರ್ ಟ್ಯಾಕಲ್. ಎಲ್ಲರೂ ಔಟಾದರೆ ಎದುರಾಳಿಗೆ ಲೋನಾದ ಎರಡು ಅಂಕ. ಔಟಾದವರು ಹೋದ ಸರದಿಯಲ್ಲೇ ವಾಪಸು ಬರುತ್ತಾರೆ. ಆದ್ದರಿಂದ ತಂಡದ ಒಳ್ಳೆಯ ರೈಡರ್ ಹೊರಗೆ ಕೂತಿದ್ದಾಗ, ಅವಳಿಗಿಂತ ಮುಂದೆ ಎಷ್ಟು ಮಂದಿ ಸರದಿಯಲ್ಲಿದ್ದಾರೆ ಎಂದು ನೋಡಿಕೊಂಡರೆ ಮುಂದಿನ ಎರಡು ಮೂರು ನಿಮಿಷದ ಆಟವನ್ನು ನೀವೇ ಊಹಿಸಬಹುದು. 30 ಸೆಕೆಂಡು ಸುಮ್ಮನೆ ಅಲೆದಾಡಿ ಬರಿಗೈಯಲ್ಲಿ ಬಂದ ರೈಡ್ ಕೂಡ ಸೋಮಾರಿತನವಲ್ಲ. ಮುನ್ನಡೆಯಲ್ಲಿರುವ ತಂಡ ಹೊತ್ತು ಕಳೆಯುತ್ತಿದೆ ಅಷ್ಟೆ.

ಒಂದು ಸಣ್ಣ ಕಿರಿಕಿರಿ ಹೇಳಿಬಿಡುತ್ತೇನೆ. ನಮ್ಮ ಕಡೆಯ ವೀಕ್ಷಕ ವಿವರಣೆಗಾರರು ತುಳು, ಕನ್ನಡ ಬೆರೆಸಿ ಮಾತಾಡುವುದು ಚೆಂದವೇ. ಆದರೆ ಹುಡುಗಿಯರು ಅಂಕಣಕ್ಕೆ ಇಳಿದ ಕೂಡಲೇ ತಾಂತ್ರಿಕ ಮಾತು ನಿಂತು ‘ವೀರವನಿತೆ’ಯರ ಸ್ತುತಿ ಶುರುವಾಗುತ್ತದೆ. ಯಾರು ಯಾವ ಹಿಡಿತ ಹಾಕಿದರು ಎಂದು ಹೇಳಿದ್ದರೆ ಅದೇ ದೊಡ್ಡ ಗೌರವವಾಗುತ್ತಿತ್ತು.

ಈ ಅಂಕಣದಿಂದ ಹುಡುಗಿಯೊಬ್ಬಳು ಎಲ್ಲಿಗೆ ಹೋಗುತ್ತಾಳೆ? ಇದು ತಿಳಿಯದೆ ನೋಡಿದರೆ ಕಾಲೇಜು ಪಂದ್ಯದ ಬಿಸಿ ತಟ್ಟುವುದಿಲ್ಲ. ಗಂಡಸರಿಗೆ 2014ರಲ್ಲಿ ಪ್ರೊ ಕಬಡ್ಡಿ ಬಂತು, ಹರಾಜು ಬಂತು. ಮಹಿಳೆಯರಿಗೆ ಅದರ ಜೊತೆಯಲ್ಲೇ 2016ರಲ್ಲಿ ಮೂರೇ ತಂಡಗಳ ಒಂದು ಚಾಲೆಂಜ್ ನಡೆಯಿತು. ಅದರ ಎರಡು ತಂಡಗಳ ನಾಯಕಿಯರು ಕರ್ನಾಟಕದವರು. ಫೈರ್ ಬರ್ಡ್ಸ್‌ಗೆ ಮಮತಾ ಪೂಜಾರಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ. ಫೈನಲ್‌ನಲ್ಲಿ ಎದುರಾದವರೂ ಇವರೇ, ಸ್ಟಾರ್ಮ್ ಕ್ವೀನ್ಸ್ ಗೆದ್ದದ್ದು 24–23ರಲ್ಲಿ, ಒಂದೇ ಅಂಕದಿಂದ. ಅಷ್ಟು ಬಿಗಿಯಾದ ಪಂದ್ಯ ನೋಡಿದ ಮೇಲೂ ಪ್ರೊ ಕಬಡ್ಡಿಯ ಮಗ್ಗುಲಲ್ಲಿ ಮಹಿಳಾ ಲೀಗ್ ಬೇರೂರಲಿಲ್ಲ.

ಹಾಗಾಗಿ ಇಲ್ಲಿ ವೃತ್ತಿ ಎಂದರೆ ಬಹುಮಟ್ಟಿಗೆ ರೈಲ್ವೆ. ಮಮತಾ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು, ಮೂಡುಬಿದಿರೆಯಿಂದ ದೂರವೇನಲ್ಲ. ಊರಿನ ಅಂಕಣದಿಂದ ದಕ್ಷಿಣ ಮಧ್ಯ ರೈಲ್ವೆಯ ನೌಕರಿಗೆ, ಅಲ್ಲಿಂದ ಭಾರತ ತಂಡದ ನಾಯಕತ್ವಕ್ಕೆ ಹೋದರು. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದ್ದೇ 2010ರ ಗುವಾಂಗ್‌ಝೌದಲ್ಲಿ. ಆ ಚಿನ್ನದಲ್ಲೂ 2014ರ ಇಂಚಿಯೋನ್ ಚಿನ್ನದಲ್ಲೂ ಮಮತಾ, ತೇಜಸ್ವಿನಿ ಇಬ್ಬರ ಪಾಲಿದೆ. 2012ರಲ್ಲಿ ಪಟ್ನಾದಲ್ಲಿ ಇರಾನನ್ನು ಮಣಿಸಿ ವಿಶ್ವಕಪ್, 2014ರಲ್ಲಿ ಮಮತಾಗೆ ಅರ್ಜುನ ಪ್ರಶಸ್ತಿ. ಇಷ್ಟೆಲ್ಲದರ ಹಿಂದೆ ತಿಂಗಳ ಸಂಬಳ ಕೊಟ್ಟು, ಬೆಳಿಗ್ಗೆ ಸಂಜೆ ಅಭ್ಯಾಸಕ್ಕೆ ಬಿಟ್ಟ ಒಂದು ಇಲಾಖೆಯಿದೆ. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಚೈನೀಸ್ ತೈಪೆಯನ್ನು 35–28ರಿಂದ ಸೋಲಿಸಿ ಭಾರತ ಮತ್ತೆ ವಿಶ್ವಕಪ್ ಎತ್ತಿದಾಗ ಕೋಚ್ ಆಗಿ ಬದಿಯಲ್ಲಿದ್ದವರು ಅದೇ ತೇಜಸ್ವಿನಿ. ತಂಡದಲ್ಲಿ ನಮ್ಮ ಸುರತ್ಕಲ್ ಕಡೆಯ ಧನಲಕ್ಷ್ಮಿ ಪೂಜಾರಿಯೂ ಇದ್ದರು.

ಕಾಲೇಜಿಗೂ ರೈಲ್ವೆಗೂ ನಡುವೆ ಒಂದು ಕಂದಕವಿದೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಇಂಥ ಕಾಲೇಜುಗಳಲ್ಲಿ ಇರುವಷ್ಟು ದಿನ ಹಾಸ್ಟೆಲ್, ಊಟ, ಮ್ಯಾಟ್, ಕೋಚ್ ಎಲ್ಲ ಇರುತ್ತದೆ. ಪದವಿ ಮುಗಿದ ಮರುದಿನ ಅದೆಲ್ಲ ಇಲ್ಲ. ಅಷ್ಟರೊಳಗೆ ವಿಶ್ವವಿದ್ಯಾನಿಲಯ ತಂಡಕ್ಕೆ, ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೆ, ರಾಜ್ಯ ತಂಡಕ್ಕೆ ಹೋಗಿ ಪ್ರಮಾಣಪತ್ರ ಕೈಗೆ ಬಂದಿರಬೇಕು, ಕ್ರೀಡಾ ಕೋಟಾದ ಅರ್ಜಿಯ ಜೊತೆ ಲಗತ್ತಿಸುವುದು ಅದನ್ನೇ. ಆದ್ದರಿಂದ ಅಂತರ ಕಾಲೇಜು ಪಂದ್ಯಕ್ಕೆ ಹೋದಾಗ ತಂಡದಲ್ಲಿ ಅಂತಿಮ ವರ್ಷದವರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಆಯ್ಕೆದಾರರ ಕಣ್ಣಿಗೆ ಬೀಳಲು ರೈಡರ್‌ಗೆ ಎರಡು ಅಂಕ ಸಾಕು. ಕವರ್ ಆಡುವವಳು ಮಾಡಿದ್ದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಹಿಡಿತ ಕಾರ್ನರ್ ಹೆಸರಿಗೆ ಹೋಗಿರುತ್ತದೆ. ಪಂದ್ಯ ಮುಗಿದ ಮೇಲೆ ಆಯೋಜಕರು ಉತ್ತಮ ದಾಳಿಗಾರ್ತಿ, ಉತ್ತಮ ಹಿಡಿತಗಾರ್ತಿ ಎಂದು ಕರೆದು ಟ್ರೋಫಿ ಕೊಡುವಾಗ, ನಿಮ್ಮ ಮನಸ್ಸಿನಲ್ಲಿ ಬೇರೆ ಜೆರ್ಸಿ ನಂಬರ್ ಇದ್ದರೆ ಹೋಗಿ ಅವಳ ಕೋಚ್‌ಗೇ ಹೇಳಿ. ಅವರಿಗೆ ಅದು ಗೊತ್ತಿರುತ್ತದೆ, ಆದರೂ ಕೇಳಿ ಖುಷಿಪಡುತ್ತಾರೆ.