ಹಗಲಿನ ಧಾರಾವಾಹಿಯಲ್ಲಿ ಹಾಡು ಯಾರಿಗಾಗಿ?

ಅಮೆರಿಕದ ಹಗಲು ಹೊತ್ತಿನ ಟಿವಿ ಧಾರಾವಾಹಿಗಳಿಗೆ ‘ಸೋಪ್ ಆಪೆರಾ’ ಎಂಬ ಹೆಸರು ಹೇಗೆ ಬಂತೆಂಬುದು ಬಹಳ ಮಂದಿಗೆ ಗೊತ್ತಿರುವ ಸಂಗತಿ. 1930ರ ದಶಕದಲ್ಲಿ ಅಲ್ಲಿನ ರೇಡಿಯೋದಲ್ಲಿ ಗೃಹಿಣಿಯರಿಗಾಗಿ ಬರುತ್ತಿದ್ದ ಸಂಸಾರದ ಕಥೆಗಳಿಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥ ಸಾಬೂನು ಕಂಪನಿಗಳು ಹಣ ಹಾಕುತ್ತಿದ್ದವು. ‘ಆಪೆರಾ’ ಎಂಬುದು ಗೇಲಿಗಾಗಿ ಅಂಟಿಸಿದ್ದು. ಆಪೆರಾದಲ್ಲಿ ಪಾತ್ರಗಳು ತಮ್ಮ ಸುಖದುಃಖವನ್ನೆಲ್ಲ ಹಾಡಿಯೇ ಹೇಳುತ್ತವೆ. ಈ ಧಾರಾವಾಹಿಗಳಲ್ಲೂ ಅಷ್ಟೇ ಕಣ್ಣೀರು, ಅಷ್ಟೇ ದ್ರೋಹ, ಅಷ್ಟೇ ಸಾವು. ಆದರೆ ಎಲ್ಲವೂ ಬರೀ ಮಾತಿನಲ್ಲಿ. ಹಾಗಾಗಿ ಅಪರೂಪಕ್ಕೆ ಯಾವುದಾದರೂ ಪಾತ್ರ ಹಾಡಿದರೆ ಆ ಹಾಡಿಗೊಂದು ತೂಕ ಬರುತ್ತದೆ. ಆ ತೂಕ ಎಲ್ಲಿ ಉಳಿಯಿತು, ಎಲ್ಲಿ ಕಳೆದುಹೋಯಿತು ಎಂದು ನೋಡುವುದು ಈ ಬರಹದ ಉದ್ದೇಶ.

‘ಸಾಂತಾ ಬಾರ್ಬರಾ’, ‘ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ ಎಂಬ ಎರಡು ಧಾರಾವಾಹಿಗಳು 1990ರ ದಶಕದ ಆರಂಭದಲ್ಲಿ ಸ್ಟಾರ್ ಪ್ಲಸ್ ಮೂಲಕ ಭಾರತದ ಮನೆಗಳಿಗೂ ಬಂದವು. ನಮ್ಮ ಸಿನಿಮಾ ನೋಡಿ ಬೆಳೆದವರಿಗೆ ಇವುಗಳಲ್ಲಿ ಏನೋ ಕೊರತೆ ಕಾಣುವುದು ಸಹಜ. ನಮ್ಮಲ್ಲಿ ನಾಯಕ ಹಾಡಲು ಯಾವ ನೆಪವೂ ಬೇಕಿಲ್ಲ. ಬೆಟ್ಟದ ಮೇಲೂ ವಾದ್ಯಗಳು ಕೇಳಿಸುತ್ತವೆ. ಕಂಠವೂ ಅವನದೇ ಆಗಿರಬೇಕಿಲ್ಲ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರ ದನಿಯಿತ್ತು, ನಮಗದು ಅಸಹಜ ಅನ್ನಿಸಲೇ ಇಲ್ಲ. ಅಮೆರಿಕದ ಹಗಲಿನ ಧಾರಾವಾಹಿಯ ಕಟ್ಟಳೆಯೇ ಬೇರೆ. ಅಲ್ಲಿ ಪಾತ್ರ ಹಾಡಬೇಕಾದರೆ ಕಥೆಯೊಳಗೆ ಒಂದು ವೇದಿಕೆ ಬೇಕು, ಕಾರಣ ಬೇಕು, ಸಾಮಾನ್ಯವಾಗಿ ನಟನಿಗೆ ಸ್ವಂತ ಕಂಠವೂ ಬೇಕು. ವಾರಕ್ಕೆ ಐದು ಕಂತುಗಳನ್ನು ಚಿತ್ರೀಕರಿಸಿ ಮುಗಿಸಬೇಕಾದ ಕಡೆ ಹಾಡಿಗೆಂದು ದಿನಗಟ್ಟಲೆ ಖರ್ಚು ಮಾಡುವ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ.

ಈ ಕಟ್ಟಳೆಯೊಳಗೇ ಇದ್ದು ಹಾಡನ್ನು ಸಾರ್ಥಕಗೊಳಿಸಿದ ಪಾತ್ರವೆಂದರೆ ‘ಡೇಸ್ ಆಫ್ ಅವರ್ ಲೈವ್ಸ್’ ಧಾರಾವಾಹಿಯ ಡಗ್ ವಿಲಿಯಮ್ಸ್. 1965ರಲ್ಲಿ ಶುರುವಾದ ಈ ಧಾರಾವಾಹಿಗೆ ನಟ ಬಿಲ್ ಹೇಯ್ಸ್ 1970ರಲ್ಲಿ ಬಂದರು. ಅವರು ಮೊದಲೇ ಹೆಸರಾಂತ ಗಾಯಕ. 1955ರಲ್ಲಿ ಡೇವಿ ಕ್ರೋಕೆಟ್ ಎಂಬ ಸಾಹಸಿಯ ಕುರಿತ ಅವರ ಹಾಡು ಅಮೆರಿಕದಲ್ಲೆಲ್ಲ ಮೊಳಗಿತ್ತು. ಆದರೆ ಧಾರಾವಾಹಿ ಅವರನ್ನು ಗಾಯಕನೆಂದು ಮೆರೆಸಲಿಲ್ಲ. ಡಗ್ ಕಥೆಯೊಳಗೆ ಬಂದದ್ದು ಜೈಲಿನ ಕೋಣೆಯಿಂದ. ಮೋಸ ಮಾಡಿ ಬದುಕುವ ಚತುರ ಆತ. ಹೊರಬಂದ ಮೇಲೆ ಕ್ಲಬ್ಬಿನಲ್ಲಿ ಹಾಡುತ್ತಾನೆ, ಮುಂದೆ ತನ್ನದೇ ಕ್ಲಬ್ಬು ನಡೆಸುತ್ತಾನೆ. ಹಾಡು ಅವನ ಹೊಟ್ಟೆಪಾಡು.

ಇಷ್ಟೇ ಆಗಿದ್ದರೆ ಅದು ಮನರಂಜನೆಯಾಗಿ ಮುಗಿಯುತ್ತಿತ್ತು. ಆದರೆ ಡಗ್ ಪ್ರೀತಿಸಿದ್ದು ಜೂಲಿಯನ್ನು. ಆಕೆಯೊಂದಿಗೆ ಮನಸ್ತಾಪವಾದಾಗ ಮದುವೆಯಾದದ್ದು ಆಕೆಯ ತಾಯಿ ಆಡಿಯನ್ನು. ಪ್ರೇಯಸಿ ಮಲಮಗಳಾದಳು. ಮುಂದೆ ಆಡಿ ಹೆಣ್ಣುಮಗುವೊಂದನ್ನು ಬಿಟ್ಟು ಅಪಘಾತದಲ್ಲಿ ಸತ್ತಳು. ಇಂಥ ಸಂಬಂಧದಲ್ಲಿ ಸಿಕ್ಕಿಬಿದ್ದ ಗಂಡಸು ತನ್ನ ಮನಸ್ಸಿನ ಮಾತನ್ನು ಯಾವ ಬಾಯಿಯಿಂದ ಆಡಿಯಾನು? ಮಾತಿನಲ್ಲಿ ಹೇಳಿದರೆ ಅಪಚಾರ, ಹಾಡಿದರೆ ಅದು ಕ್ಲಬ್ಬಿನ ಕೆಲಸ. ಗಿರಾಕಿಗಳಿಗೆ ಅದು ಬರಿಯ ಪ್ರೇಮಗೀತೆ, ಜೂಲಿಗೆ ಮಾತ್ರ ಕಾಗದ. ನೂರು ಜನ ಕೂತ ಮಜಲಿಸಿನಲ್ಲಿ ಒಬ್ಬರಿಗೇ ತಲುಪಬೇಕೆಂದು ಗಜಲ್ ಹೇಳುವವರ ಜಾಣ್ಮೆ ಉರ್ದು ಬಲ್ಲವರಿಗೆ ಹೊಸದೇನಲ್ಲ.

ಇಲ್ಲಿ ಹಾಡುವವನಿಗಿಂತ ಕೇಳುವವಳು ಮುಖ್ಯ. ಹಗಲಿನ ಧಾರಾವಾಹಿ ಮೂಲತಃ ಮುಖಗಳ ಕಲೆ. ಸಣ್ಣ ಸೆಟ್ಟು, ಹತ್ತಿರದ ಕ್ಯಾಮೆರಾ, ಮಾತು ಮುಗಿದ ಮೇಲೂ ನಟಿಯ ಮುಖದ ಮೇಲೆ ನಿಲ್ಲುವ ನೋಟ. ಇವೇ ಅದರ ಬಂಡವಾಳ. ಪಾತ್ರ ಹಾಡುವಾಗ ಕೇಳುವವಳಿಗೆ ಉತ್ತರ ಕೊಡುವ ಅವಕಾಶವಿಲ್ಲ. ಎದ್ದು ಹೋಗಬೇಕು, ಇಲ್ಲವೇ ಮುಖದಲ್ಲೇ ಉತ್ತರ ಕೊಡಬೇಕು. ಜೂಲಿಯ ಪಾತ್ರ ವಹಿಸಿದ ಸೂಸಾನ್ ಸೀಫೋರ್ತ್ ಅವರೂ ಬಿಲ್ ಹೇಯ್ಸ್ ಅವರೂ 1974ರಲ್ಲಿ ನಿಜಜೀವನದಲ್ಲೇ ಮದುವೆಯಾದರು. 1976ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಈ ಜೋಡಿಯನ್ನು ಮುಖಪುಟದಲ್ಲಿ ಹಾಕಿತು. ಅದೇ ವರ್ಷ ಕಥೆಯಲ್ಲೂ ಡಗ್ ಮತ್ತು ಜೂಲಿಯ ಮದುವೆಯಾಯಿತು.

ಈ ಧಾರಾವಾಹಿಗಳನ್ನು ಮೊದಲು ಕೇಳಿದವರು, ಆಮೇಲೆ ನೋಡಿದವರು, ಹೆಚ್ಚಾಗಿ ಮನೆಗೆಲಸದ ನಡುವಿನ ಹೆಂಗಸರು. ಕೆಲಸಕ್ಕೂ ಹಾಡಿಗೂ ಇರುವ ನಂಟು ನಮಗೆ ಗೊತ್ತು. ಬಿಜಾಪುರದ ಸೂಫಿ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕಿನಾಮಾಗಳು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗಾಗಿ. ಅಲ್ಲಿ ಬೀಸುವವಳೇ ಹಾಡುವವಳು. ಅಮೆರಿಕದ ಗೃಹಿಣಿಗೆ ದೊರೆತದ್ದು ಕೇಳುವ ಪಾತ್ರ ಮಾತ್ರ. ಡಗ್‌ನ ಹಾಡಿನಲ್ಲಿ ಜೂಲಿಯ ಮುಖಕ್ಕೆ ಅಷ್ಟು ಬೆಲೆ ಬಂದದ್ದು ಇದರಿಂದಲೇ ಇರಬೇಕು. ಬಟ್ಟೆ ಮಡಚುತ್ತ ಟಿವಿ ನೋಡುತ್ತಿದ್ದವಳು ಅಲ್ಲಿ ತನ್ನಂಥ ಕೇಳುಗಳೊಬ್ಬಳನ್ನು ಕಂಡಳು.

1980ರ ದಶಕದಲ್ಲಿ ಲೆಕ್ಕಾಚಾರ ಬದಲಾಯಿತು. 1981ರಲ್ಲಿ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯಲ್ಲಿ ಡಾಕ್ಟರ್ ನೋವಾ ಡ್ರೇಕ್ ಆಗಿದ್ದ ರಿಕ್ ಸ್ಪ್ರಿಂಗ್‌ಫೀಲ್ಡ್ ಅವರ ರಾಕ್ ಗೀತೆಯೊಂದು ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಥೆಯಲ್ಲಿ ನೋವಾ ಆಗ ಬರೀ ಡಾಕ್ಟರ್. ಆದರೆ ಧಾರಾವಾಹಿಯ ಮುಖವೂ ರೆಕಾರ್ಡಿನ ಅಂಗಡಿಯೂ ಒಂದಕ್ಕೊಂದು ಒದಗುತ್ತವೆಂಬುದು ಎಲ್ಲರಿಗೂ ಕಂಡಿತು. ಅದೇ ಧಾರಾವಾಹಿಯಲ್ಲಿ ಫ್ರಿಸ್ಕೊ ಎಂಬ ಗಾಯಕನ ಪಾತ್ರ ಮಾಡಿದ ಜ್ಯಾಕ್ ವ್ಯಾಗ್ನರ್ ಅವರ ಹಾಡು 1985ರಲ್ಲಿ ಎರಡನೇ ಸ್ಥಾನ ಮುಟ್ಟಿತು. ‘ಡೇಸ್’ನಲ್ಲಿ ಲಿಜ್ ಎಂಬ ಗಾಯಕಿಯಾಗಿದ್ದ ಗ್ಲೋರಿಯಾ ಲೋರಿಂಗ್ ಅವರು ಕಾರ್ಲ್ ಆಂಡರ್ಸನ್ ಜೊತೆ ಹಾಡಿದ ಯುಗಳಗೀತೆಯೂ 1986ರಲ್ಲಿ ಅಷ್ಟೇ ಮೇಲೇರಿತು. ಇವರೆಲ್ಲ ಚೆನ್ನಾಗಿಯೇ ಹಾಡಿದರು. ತಕರಾರು ಕಂಠದ್ದಲ್ಲ. ಪಾತ್ರ ಹಾಡುವಾಗ ಅದರ ಎದುರಿಗಿದ್ದ ಕೇಳುಗ ಬದಲಾದದ್ದೇ ತಕರಾರು. ಪ್ರೇಯಸಿ ಎದುರಿಗೆ ಕೂತಿದ್ದರೂ ಹಾಡು ಅವಳನ್ನು ದಾಟಿ ರೆಕಾರ್ಡು ಕೊಳ್ಳುವ ಹುಡುಗಿಯ ಕಡೆಗೆ ಹೋಗುತ್ತಿತ್ತು. ಸಾಬೂನು ಮಾರಲು ಹುಟ್ಟಿದ ಕಥೆ ಈಗ ಹಾಡನ್ನೂ ಮಾರತೊಡಗಿತು.

ಹಾಡು ಮತ್ತೆ ಕಥೆಯ ಋಣ ತೀರಿಸಿದ್ದು ಅದೇ ‘ಜನರಲ್ ಹಾಸ್ಪಿಟಲ್’ನಲ್ಲಿ. 1994ರಲ್ಲಿ ಅಲ್ಲಿ ‘ನರ್ಸಸ್ ಬಾಲ್’ ಎಂಬ ವಾರ್ಷಿಕ ಸಮಾರಂಭ ಶುರುವಾಯಿತು. ಆಸ್ಪತ್ರೆಯ ನರ್ಸುಗಳು, ಡಾಕ್ಟರುಗಳು, ಊರಿನ ಇತರರು ಏಡ್ಸ್ ಕುರಿತ ಅರಿವಿಗಾಗಿ, ಚಂದಾ ಎತ್ತುವುದಕ್ಕಾಗಿ ವೇದಿಕೆ ಹತ್ತಿ ಹಾಡುವುದು, ಕುಣಿಯುವುದು. ಇಲ್ಲಿ ಹಾಡುವವರಲ್ಲಿ ಹೆಚ್ಚಿನವರು ಕಥೆಯ ಮಟ್ಟಿಗೆ ಗಾಯಕರಲ್ಲ. ರಾಗ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಷ್ಟ್ರು ಹಾಡಿದಂತೆ.

ಮರುವರ್ಷ, 1995ರಲ್ಲಿ, ಸ್ಟೋನ್ ಎಂಬ ಹದಿಹರೆಯ ದಾಟುತ್ತಿದ್ದ ಹುಡುಗ ಏಡ್ಸ್‌ನಿಂದ ಸತ್ತ. ಅವನನ್ನು ಪ್ರೀತಿಸಿದ ರಾಬಿನ್‌ಗೂ ಎಚ್‌ಐವಿ ಇರುವುದು ತಿಳಿಯಿತು. ನೋಡುಗರ ಕಣ್ಣೆದುರೇ ಪುಟ್ಟ ಹುಡುಗಿಯಾಗಿ ಬೆಳೆದವಳು ರಾಬಿನ್. ಆ ಪಾತ್ರದ ಕಿಂಬರ್ಲಿ ಮೆಕಲ್ಲಾ ಬಾಲನಟಿಯಾಗಿಯೇ ಬಂದವರು. ಏಡ್ಸ್ ಎಂದರೆ ಪಾಪದ ಸಂಬಳ ಎಂದು ಪಿಸುಗುಡುತ್ತಿದ್ದ ಕಾಲದಲ್ಲಿ ಅದನ್ನು ಮನೆಮಗಳ ಸಂಕಟವಾಗಿ ನೋಡುವುದು ಅನಿವಾರ್ಯವಾಯಿತು. ಇದರ ನಂತರ ಆ ಸಮಾರಂಭದ ಹಾಡುಗಳು ಬೇರೆಯಾಗಿ ಕೇಳಿಸಿದವು. ಹಾಡಿನ ಸಾಲು ಯಾವುದೇ ಇರಲಿ, ಸಭೆಯಲ್ಲಿ ರಾಬಿನ್ ಇದ್ದಾಳೆ ಎಂಬುದೇ ಅದರ ಅರ್ಥ. ರೋಗಿಯನ್ನು ದೂರವಿಡದೆ ಪಕ್ಕದಲ್ಲಿ ಕೂರಿಸಿಕೊಂಡ ಊರಿನ ಹಾಡು ಅದು. ಕಾಯಿಲೆ ಬಿದ್ದವರನ್ನು ಹೋಗಿ ವಿಚಾರಿಸುವುದನ್ನು ನಮ್ಮ ದೀನ್ ಒಂದು ಹಕ್ಕು ಎನ್ನುತ್ತದೆ, ಉಪಕಾರ ಎನ್ನುವುದಿಲ್ಲ. ಈ ದೃಶ್ಯಗಳ ಒಳಗಿನ ಭಾವ ಅದಕ್ಕೆ ದೂರವಾದುದಲ್ಲ. ರಾಬಿನ್ ಸಾಯಲಿಲ್ಲ. ಔಷಧಿಯೊಡನೆ ಬದುಕಿ ಡಾಕ್ಟರಾದಳು, ನೋವಾ ಡ್ರೇಕ್‌ನ ಮಗನನ್ನೇ ಮೆಚ್ಚಿದಳು, 2008ರಲ್ಲಿ ತಾಯಿಯಾದಳು.

2001ರ ನಂತರ ನಿಂತುಹೋಗಿದ್ದ ಸಮಾರಂಭ 2013ರಲ್ಲಿ, ಧಾರಾವಾಹಿಗೆ ಐವತ್ತು ತುಂಬಿದಾಗ, ಮರಳಿತು. ನಾನು ಕಂಡಂತೆ ಈ ಮರುಹುಟ್ಟಿನಲ್ಲಿ ಬೆಳಕು, ಬಟ್ಟೆ, ಕುಣಿತ ಎಲ್ಲ ಹೆಚ್ಚಾಯಿತು. ಏಡ್ಸ್ ಎಂಬುದು ನಿರೂಪಕರ ಒಂದೆರಡು ಮಾತಿಗೆ ಇಳಿಯಿತು. ಹಳೆಯ ಮುಖಗಳನ್ನು ಮತ್ತೆ ನೋಡುವ ಸಂತೋಷವನ್ನು ಅಲ್ಲಗಳೆಯಲಾರೆ. ಆದರೆ ಯಾರ ಸಲುವಾಗಿ ಹಾಡು ಶುರುವಾಯಿತೋ ಅವರನ್ನು ಹಿಂದಿನ ಸಾಲಿಗೆ ಕಳಿಸಿದ ಮೇಲೆ ಉಳಿಯುವುದು ಉರುಸ್ ಮುಗಿದ ಮೈದಾನದ ದೀಪಾಲಂಕಾರ.

ಬಿಲ್ ಹೇಯ್ಸ್ 2024ರ ಜನವರಿ 12ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ‘ಡೇಸ್’ ಆ ಹೊತ್ತಿಗೆ ಎನ್‌ಬಿಸಿ ವಾಹಿನಿಯನ್ನು ಬಿಟ್ಟು ಪೀಕಾಕ್ ಎಂಬ ಅಂತರ್ಜಾಲ ತಾಣಕ್ಕೆ ಹೋಗಿತ್ತು. ಅದೇ ವರ್ಷದ ಕೊನೆಯಲ್ಲಿ ಧಾರಾವಾಹಿ ಡಗ್‌ನ ಸಾವನ್ನೂ ಕಥೆಯೊಳಗೆ ತಂದಿತು. ಗಂಡನನ್ನು ಕಳೆದುಕೊಂಡ ಜೂಲಿಯಾಗಿ ನಟಿಸಿದ್ದು ನಿಜಕ್ಕೂ ಗಂಡನನ್ನು ಕಳೆದುಕೊಂಡಿದ್ದ ಸೂಸಾನ್ ಅವರೇ. ಧಾರಾವಾಹಿಗಳನ್ನು ಹೆಂಗಸರ ಕಾಲಹರಣ ಎಂದು ತಳ್ಳಿಹಾಕುವ ವಿಮರ್ಶಕರು ಒಮ್ಮೆ ಆ ಮುಖವನ್ನು ನೋಡಬೇಕು. ಐವತ್ತು ವರ್ಷ ಒಬ್ಬನ ಹಾಡು ಕೇಳಿದ ಮುಖ ಅದು. ಹಾಡು ನಿಂತ ಮೇಲೂ ಅದು ಕೇಳಿಸಿಕೊಳ್ಳುತ್ತಲೇ ಇತ್ತು.